ಗುಡ್ಡೆ ಹತ್ತುವಾಗ ಮಾತ್ರ ನೀಲಿ ಹೊಗೆ: ಜೀಪಿನ ಟರ್ಬೋ ರಿಟರ್ನ್ ಪೈಪ್ ಎಲ್ಲಿ ಇಳಿಸಬೇಕು?

ಬಾಯಾರು_ಜೀಪು (ಕಾಸರಗೋಡು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಚಾ ಕುಡಿಯುತ್ತಾ ಓದಿ.

ಮನೆ ಮತ್ತು ಹಳೆ ಅಡಿಕೆ ತೋಟ ಕೆಳಗೆ, ಹೊಸ ತೋಟ ಗುಡ್ಡೆಯ ತಲೆಯಲ್ಲಿ. ನಡುವೆ ನಾವೇ ಜೆಸಿಬಿಯಲ್ಲಿ ಕಡಿಸಿದ ಮಣ್ಣಿನ ದಾರಿ. ಗೊಬ್ಬರ ಮೇಲಕ್ಕೆ, ಅಡಿಕೆ ಗೊನೆ ಕೆಳಕ್ಕೆ, ಎಲ್ಲಾ ಅಪ್ಪನ ಕಾಲದ ಜೀಪಿನಲ್ಲೇ. ಅದಕ್ಕೆ ಗುಜರಿಯಿಂದ ತಂದ 2523 ಸಿಸಿ ಮಹೀಂದ್ರ ಡಿಐ ಎಂಜಿನ್ ಕೂರಿಸಿದ್ದೇನೆ. ಟರ್ಬೋ (ಸೈಲೆನ್ಸರಿಗೆ ಹೋಗುವ ಹೊಗೆಯ ರಭಸದಲ್ಲಿ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಯಂತ್ರ) ಇಲ್ಲದ ಎಂಜಿನ್. ಕಳೆದ ಮಳೆಗಾಲದಲ್ಲಿ ಪುರುಸೊತ್ತಿತ್ತು, ತಲೆಹರಟೆಯೂ ಇತ್ತು, ಟರ್ಬೋ ಹಾಕಿದೆ.

ಎಂಜಿನ್ನಿನ ಹೊಗೆಯನ್ನು ಟರ್ಬೋಗೆ ಒಯ್ಯುವ ಮ್ಯಾನಿಫೋಲ್ಡ್ ಉಪ್ಪಳದಲ್ಲಿ ವೆಲ್ಡ್ ಮಾಡಿಸಿದ್ದು. ಆಯಿಲ್ ಪ್ರೆಶರ್ ಸ್ವಿಚ್ ಇದ್ದ ಜಾಗದಲ್ಲಿ ಟಿ ಹಾಕಿ ಟರ್ಬೋಗೆ ಆಯಿಲ್ ಕೊಡುವ ಫೀಡ್ ಪೈಪ್ ಎಳೆದಿದ್ದೇನೆ. ಆ ಆಯಿಲ್ ವಾಪಸ್ ಇಳಿಯುವ ರಿಟರ್ನ್‌ಗೆ ಟರ್ಬೋ ಅಡಿಯಿಂದ 16 ಎಂಎಂ ಒಳವ್ಯಾಸದ ಹೋಸ್. ಅದು ಎಂಜಿನ್ ಮೌಂಟ್ ಸುತ್ತಿ ಹಿಂದಕ್ಕೆ ಹೋಗಿ ಆಯಿಲ್ ಚೇಂಬರಿನ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಹಿಂಭಾಗದಲ್ಲಿ ಸೇರುತ್ತದೆ. ಅಲ್ಲಿ ಜಾಗ ಸಿಕ್ಕಿತು, ಅದಕ್ಕೇ ಅಲ್ಲಿ.

ಬಯಲಿನಲ್ಲಿ ಗಾಡಿ ಚಿನ್ನ. ಉಪ್ಪಳದವರೆಗೆ ಹೋಗಿ ಬಂದರೂ ಹೊಗೆಯ ಸುಳಿವಿಲ್ಲ. ಗುಡ್ಡೆ ಹತ್ತಿ ಅರ್ಧ ದಾರಿ ಆಗುವಾಗ ಹಿಂದೆ ನೀಲಿ ಹೊಗೆ, ಮೇಲೆ ತಲುಪುವಾಗ ತೋಟಕ್ಕೆ ಮದ್ದು ಬಿಟ್ಟ ಹಾಗೆ ಆಗುತ್ತದೆ. ಮೆಕ್ಯಾನಿಕ್ ನೋಡಿ "ಟರ್ಬೋ ಹೋಯಿತು" ಎಂದರು. ಒಂಬತ್ತು ಸಾವಿರ ಕೊಟ್ಟು ಬೇರೆ ಕೋರ್ (ಶಾಫ್ಟ್, ಬೇರಿಂಗ್ ಇರುವ ಟರ್ಬೋದ ನಡುಭಾಗ) ಹಾಕಿಸಿದೆ. ಎರಡನೇ ದಿನ ಅದೇ ಹೊಗೆ. ಈಗ ಅವರು ಈ ಕೋರ್ ಕೂಡ ಹೋಗಿದೆ ಎನ್ನುತ್ತಾರೆ. ಎರಡೂ ಕೋರ್ ಒಂದೇ ರೀತಿ ಹೋಗುತ್ತವಾ? ನನಗೆ ನಂಬಿಕೆ ಇಲ್ಲ. ರಿಟರ್ನ್ ಪೈಪಿನ ಮೇಲೆ ಅನುಮಾನ. ಫೋಟೋ ಕೆಳಗೆ ಹಾಕಿದ್ದೇನೆ.

ಹೊಸೂರು_ಲೇತ್ (ಕೃಷ್ಣಗಿರಿ ಜಿಲ್ಲೆ)

ಸಾರ್, ನಿಮ್ಮ ಅನುಮಾನ ಸರಿ. ಕೋರ್ ಬಿಚ್ಚಬೇಡಿ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಟರ್ಬೋ ಒಳಗೆ ಆಯಿಲ್ ತಡೆಯೋದು ರಬ್ಬರ್ ಸೀಲ್ ಅಲ್ಲ. ಪಿಸ್ಟನ್ ರಿಂಗ್ ಥರದ ಪುಟ್ಟ ರಿಂಗ್‌ಗಳು, ಎರಡು ತುದಿಯಲ್ಲಿ. ಅವು ಮುಖ್ಯವಾಗಿ ಗಾಳಿ ಒಳಗೆ ಬರದ ಹಾಗೆ ನೋಡಿಕೊಳ್ಳುತ್ತವೆ. ನಿಂತ ಆಯಿಲ್ ತಡೆಯುವ ತಾಕತ್ತು ಅವಕ್ಕಿಲ್ಲ. ಆಯಿಲ್ ಬೇರಿಂಗ್ ದಾಟಿ ಕೂಡಲೇ ಕೆಳಗೆ ಬಿದ್ದು ಹೋಗಬೇಕು. ಒಳಗೆ ಎಲ್ಲೂ ತುಂಬಬಾರದು. ತುಂಬಿದರೆ ರಿಂಗ್ ದಾಟಿ ಟರ್ಬೈನ್ (ಹೊಗೆಯಿಂದ ತಿರುಗುವ ಚಕ್ರ) ಕಡೆಗೆ ಹೋಗಿ ಸೈಲೆನ್ಸರಿನಲ್ಲಿ ನೀಲಿ ಹೊಗೆ, ಇಲ್ಲಾ ಕಂಪ್ರೆಸರ್ (ಗಾಳಿ ತಳ್ಳುವ ಚಕ್ರ) ಕಡೆಗೆ ಹೋಗಿ ಎಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕ್ ಪೈಪಿನಲ್ಲಿ ಆಯಿಲ್. ಕೋರ್ ಹೊಸದಾದರೂ ಅಷ್ಟೇ, ಹಳೆಯದಾದರೂ ಅಷ್ಟೇ.

ಇನ್ನೊಂದು. ಒಳಗೆ ಹೋಗುವಾಗ ಅದು ಪ್ರೆಶರ್ ಇರುವ ಆಯಿಲ್, ಕಾಲಿಂಚಿನ ಪೈಪ್ ಸಾಕು. ಹೊರಗೆ ಬರುವಾಗ ಪ್ರೆಶರ್ ಸೊನ್ನೆ. ಜೊತೆಗೆ ಲಕ್ಷಕ್ಕೂ ಜಾಸ್ತಿ ಆರ್‌ಪಿಎಂ ತಿರುಗುವ ಶಾಫ್ಟ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದಿರುತ್ತದೆ. ಬರೋದು ಆಯಿಲ್ ಅಲ್ಲ, ನೊರೆ. ನೊರೆಗೆ ಜಾಗ ಜಾಸ್ತಿ ಬೇಕು. 16 ಎಂಎಂ ಅನ್ನೋದು ಕನಿಷ್ಠ ಅಂದುಕೊಳ್ಳಿ, 19 ಆದರೆ ಒಳ್ಳೇದು. ಟರ್ಬೋದ ರಿಟರ್ನ್ ಬಾಯಿ ನೆಟ್ಟಗೆ ಕೆಳಕ್ಕೆ ನೋಡುತ್ತಿರಬೇಕು. ಓರೆಯಾದರೂ 35 ಡಿಗ್ರಿ ದಾಟಬಾರದು.

ನಿಮ್ಮ ಎರಡನೇ ಫೋಟೋದಲ್ಲಿ ಮೌಂಟ್ ಹತ್ತಿರ ಹೋಸ್ ಜೋತು ಬಿದ್ದು ಮತ್ತೆ ಮೇಲೆ ಹತ್ತಿದ ಹಾಗೆ ಕಾಣುತ್ತದೆ. ಹೌದಾ? ಅದು ಸಿಂಕ್ ಕೆಳಗಿನ ಬಾಗಿದ ಪೈಪಿನ ಕತೆ, ಅಲ್ಲಿ ಯಾವಾಗಲೂ ಆಯಿಲ್ ನಿಂತಿರುತ್ತದೆ.

ಕುಂಬಳೆ_ಸ್ವಿಫ್ಟ್ (ಕಾಸರಗೋಡು)

ಇಷ್ಟೆಲ್ಲಾ ತಲೆಬಿಸಿ ಯಾಕೆ? ಒಂದು ಎಲೆಕ್ಟ್ರಿಕ್ ಸ್ಕ್ಯಾವೆಂಜ್ ಪಂಪ್ ಹಾಕಿ. ಟರ್ಬೋದಿಂದ ಎಳೆದು ಚೇಂಬರಿಗೆ ತಳ್ಳುತ್ತದೆ. ಪೈಪ್ ಎಲ್ಲಿ ಹೋದರೂ ನಡೆಯುತ್ತದೆ.

ಬಾಯಾರು_ಜೀಪು

@ಹೊಸೂರು_ಲೇತ್ ಹೌದು, ಎರಡು ಬೆರಳಷ್ಟು ಜೋತಿದೆ. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

@ಕುಂಬಳೆ_ಸ್ವಿಫ್ಟ್ ನಮ್ಮಲ್ಲಿ ಕುಡಿಯುವ ನೀರು ಬರುವುದು ಗುಡ್ಡೆಗೆ ಅಡ್ಡ ಕೊರೆದ ಸುರಂಗದಿಂದ. ಅಜ್ಜನ ಕಾಲದ್ದು. ಪಂಪೂ ಇಲ್ಲ, ಕರೆಂಟೂ ಇಲ್ಲ. ನೆಲಕ್ಕೆ ಒಂಚೂರು ಇಳಿಜಾರು ಕೊಟ್ಟಿದ್ದಾರೆ ಅಷ್ಟೇ. ಎರಡು ಅಡಿ ಕೆಳಗೆ ಬೀಳಬೇಕಾದ ಆಯಿಲಿಗೆ ನಾನು ಪಂಪ್ ಇಟ್ಟರೆ ಅಜ್ಜ ಎದ್ದು ಬಂದಾರು ಮಾರಾಯ್ರೆ.

ಹೊಸೂರು_ಲೇತ್

😄 ಪಂಪಿಗೆ ಅದರದೇ ಜಾಗ ಇದೆ. ಟರ್ಬೋ ಚೇಂಬರಿನ ಆಯಿಲ್ ಮಟ್ಟಕ್ಕಿಂತ ಕೆಳಗೆ ಕೂತಿದ್ದರೆ, ಅಥವಾ ಗಾಡಿಯ ಹಿಂದೆ ಸೈಲೆನ್ಸರ್ ಹತ್ತಿರ ಇದ್ದರೆ, ಬೇರೆ ದಾರಿನೇ ಇಲ್ಲ. ಆಗಲೂ ಟರ್ಬೋ ಕೆಳಗೆ ಒಂದು ಚಿಕ್ಕ ಡಬ್ಬಿ ಇಟ್ಟು, ಆಯಿಲ್ ಅದಕ್ಕೆ ತಾನಾಗಿ ಬಿದ್ದು, ಅಲ್ಲಿಂದ ಪಂಪ್ ಎಳೆಯಬೇಕು. 100 ಡಿಗ್ರಿ ದಾಟಿದ ನೊರೆ ಎಳೆಯುವ ಪಂಪ್ ಅಗ್ಗಕ್ಕೆ ಸಿಗಲ್ಲ. ಫ್ಯೂಸ್ ಹೋದ ದಿನ ಎಂಜಿನ್ ಆಯಿಲ್ ಕಳಿಸುತ್ತಲೇ ಇರುತ್ತದೆ, ಎಳೆಯೋರು ಯಾರೂ ಇರಲ್ಲ. ಇವರ ಟರ್ಬೋ ಮೇಲೇ ಇದೆ, ಬೇಡ.

ಅಕ್ಕಲಕೋಟ_ಟ್ರ್ಯಾಕ್ಟರ್ (ಸೋಲಾಪುರ ಜಿಲ್ಲೆ)

ನಮಸ್ಕಾರ್ರಿ. ಹೋಸ್ ಯಾವ ನಮೂನೆದ್ದು ಹಾಕಿದೀರಿ ಅನ್ನೋದನ್ನ ಯಾರೂ ಕೇಳಲಿಲ್ಲ. ನನ್ನ ಟ್ರ್ಯಾಕ್ಟರಿನ ಹಣೆಬರಹ ಹೇಳ್ತೀನಿ ಕೇಳ್ರಿ.

ಟರ್ಬೋದ ರಿಟರ್ನ್ ಹೋಸ್ ಸೋರುತ್ತಿತ್ತು. ಕಬ್ಬಿನ ಸೀಸನ್, ಗಾಡಿ ನಿಲ್ಲಿಸುವ ಹಾಗಿಲ್ಲ. ಅಂಗಡಿಯವನು ರೇಡಿಯೇಟರ್ ಹೋಸಿನ ತುಂಡು ಕತ್ತರಿಸಿ ಕೊಟ್ಟ. ಅಳತೆ ಸರಿ ಕೂತಿತು. ಮೂರು ವಾರಕ್ಕೆ ಹೊಗೆ ಶುರು. ಬಿಚ್ಚಿ ನೋಡಿದರೆ ಹೊರಗಿಂದ ಹೋಸ್ ಚೆಂದ ಐತಿ, ಒಳಗೆ ಉಬ್ಬಿ ಪೆನ್ಸಿಲ್ ಹೋಗುವಷ್ಟೇ ತೂತು! ನೀರಿನ ಹೋಸಿನ ರಬ್ಬರಿಗೆ ಆಯಿಲ್ ಅಂದ್ರ ವಿಷ. ಅದು ಆಯಿಲ್ ಕುಡಿದು ಉಬ್ಬುತ್ತದೆ. ಬಣ್ಣಬಣ್ಣದ ಸಾದಾ ಸಿಲಿಕಾನ್ ಹೋಸ್ ಹಾಕಿದ್ದರೂ ಅದರಿಂದ ಆಯಿಲ್ ಬೆವರಿದ ಹಾಗೆ ಹೊರಗೆ ಬರುತ್ತದೆ. ಆಯಿಲಿಗೆಂದೇ ಮಾಡಿದ ಹೋಸ್ ಕೇಳಿ ತಗೊಳ್ರಿ. ಮ್ಯಾನಿಫೋಲ್ಡ್ ಪಕ್ಕದಲ್ಲಿ ಹೋಸ್ ಬೇಡವೇ ಬೇಡ, ಅಲ್ಲಿ ಕಬ್ಬಿಣದ ಪೈಪ್ ಇರಲಿ.

ಇನ್ನೊಂದು ಮಾತು. ರಿಟರ್ನ್ ಫ್ಲೇಂಜಿಗೆ (ಟರ್ಬೋಗೆ ಪೈಪ್ ಬೋಲ್ಟ್ ಮಾಡೋ ಚಪ್ಪಟೆ ತುಂಡು) ಗ್ಯಾಸ್ಕೆಟ್ ಬದಲು ಪೇಸ್ಟ್ ಮೆತ್ತಬ್ಯಾಡ್ರಿ. ಒಳಗೆ ಹಿಂಡಿ ಬಂದ ಪೇಸ್ಟ್ ಅರ್ಧ ಬಾಯಿ ಮುಚ್ಚುತ್ತದೆ. ಫೀಡ್ ಕಡೆ ಮೆತ್ತಿದರೆ ಅದರ ಚೂರು ಸೀದಾ ಬೇರಿಂಗಿಗೆ ಹೋಗುತ್ತದೆ.

ಬಾಯಾರು_ಜೀಪು

ನಾನು ಹಾಕಿದ್ದು ಡೀಸೆಲ್ ಹೋಸ್. ಆದರೆ ಪೇಸ್ಟ್... ಮೆತ್ತಿದ್ದೇನೆ. ನಾಳೆ ಬಿಚ್ಚಿ ನೋಡುತ್ತೇನೆ.

ಕುಂಬಳೆ_ಸ್ವಿಫ್ಟ್

ಪಂಪ್ ಮಾತು ಬಿಟ್ಟೆ. ಹಾಗಾದರೆ ಬರುವ ಆಯಿಲನ್ನೇ ಕಮ್ಮಿ ಮಾಡಿದರೆ ಆಗಲ್ವಾ? ಫೀಡ್ ಪೈಪಿನಲ್ಲಿ 1 ಎಂಎಂ ತೂತಿನ ರಿಸ್ಟ್ರಿಕ್ಟರ್ ಹಾಕುತ್ತಾರಲ್ಲ?

ಹೊಸೂರು_ಲೇತ್

ಅದು ಬಾಲ್ ಬೇರಿಂಗ್ ಟರ್ಬೋಗೆ. ಅದಕ್ಕೆ ಆಯಿಲ್ ಕಮ್ಮಿ ಸಾಕು. ಇವರದ್ದು ಗುಜರಿಯ ಡೀಸೆಲ್ ಟರ್ಬೋ, ಬುಶ್ ಬೇರಿಂಗ್. ಶಾಫ್ಟ್ ಆಯಿಲ್ ಪದರದ ಮೇಲೇ ತೇಲುತ್ತಿರುತ್ತದೆ. 1 ಎಂಎಂ ಹಾಕಿದರೆ ಹೊಗೆ ನಿಲ್ಲಬಹುದು, ಆಮೇಲೆ ಟರ್ಬೋನೂ ನಿಲ್ಲುತ್ತದೆ. ಚರಂಡಿ ಕಟ್ಟಿದೆ ಅಂತ ನಲ್ಲಿ ಮುಚ್ಚೋದು ಸರಿಯಲ್ಲ.

ಮಡಕಶಿರಾ_ಡೀಸೆಲ್ (ಆಂಧ್ರ)

ಅಣ್ಣ, ಒಂದು ಎಚ್ಚರಿಕೆ ಮಾತು. ಹೊಗೆ ಇಟ್ಟುಕೊಂಡೇ ಗಾಡಿ ಓಡಿಸುತ್ತಾ ಇದ್ದೀರಾ? ನಿಲ್ಲಿಸಿ.

ನಮ್ಮೂರಲ್ಲಿ ಒಂದು ಪಿಕಪ್‌ಗೆ ಹೀಗೇ ಆಗಿತ್ತು. ಆಯಿಲ್ ಕಂಪ್ರೆಸರ್ ಕಡೆಯಿಂದ ಇನ್‌ಟೇಕ್‌ಗೆ ಇಳಿದು, ಟರ್ಬೋದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್ ತಳದಲ್ಲಿ ತುಂಬಿಕೊಂಡಿತ್ತು. ಒಂದು ದಿನ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಅದಷ್ಟೂ ಒಟ್ಟಿಗೆ ಎಂಜಿನ್ ಒಳಗೆ ಹೋಯಿತು. ಡೀಸೆಲ್ ಎಂಜಿನ್‌ಗೆ ಆಯಿಲೂ ಒಂದು ಇಂಧನವೇ. ಚಾವಿ ತೆಗೆದರು, ನಿಲ್ಲಲಿಲ್ಲ. ಡೀಸೆಲ್ ಪೈಪ್ ಸಡಿಲ ಮಾಡಿದರು, ನಿಲ್ಲಲಿಲ್ಲ. ತನ್ನದೇ ಆಯಿಲ್ ಕುಡಿದು ಓಡುತ್ತಾ ಹೋಯಿತು, ರೇಸ್ ಏರುತ್ತಾನೇ ಇತ್ತು. ಆಮೇಲೆ ಒಬ್ಬ ಹಳೇ ಡ್ರೈವರ್ ಏರ್ ಫಿಲ್ಟರ್ ಪೈಪ್ ಕಿತ್ತು ಬಾಯಿಗೆ ಮರದ ಹಲಗೆ ಒತ್ತಿ ಹಿಡಿದ. ಗಾಳಿ ಇಲ್ಲದೆ ಆಗ ನಿಂತಿತು.

ಯಾರೂ ಕೈ ಇಡಬೇಡಿ, ಬಟ್ಟೆ ತುರುಕಬೇಡಿ, ಎರಡನ್ನೂ ಎಳೆದುಕೊಳ್ಳುತ್ತದೆ. ಹಲಗೆ ಅಥವಾ ದಪ್ಪ ತಗಡು. ಗೇರ್ ಇರುವ ಗಾಡಿಯಾದರೆ ಟಾಪ್ ಗೇರ್ ಹಾಕಿ, ಬ್ರೇಕ್ ಒತ್ತಿ, ಕ್ಲಚ್ ಬಿಟ್ಟು ಉಸಿರುಗಟ್ಟಿಸಬಹುದು. ನಾನು ಈಗ ಟರ್ಬೋ ಕೆಲಸ ಮಾಡುವಾಗ ಒಂದು ಹಲಗೆ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ.

ಬಾಯಾರು_ಜೀಪು

ಓದಿ ಕೈ ತಣ್ಣಗಾಯಿತು. ಜೀಪು ಕೊಟ್ಟಿಗೆ ಸೇರಿದೆ. ಹಲಗೆಯೂ ಇಟ್ಟೆ.

ಫ್ಲೇಂಜ್ ಬಿಚ್ಚಿದೆ. ಪೇಸ್ಟ್ ಒಳಗೆ ನಾಲಿಗೆಯಂತೆ ಚಾಚಿಕೊಂಡಿತ್ತು, ಆದರೆ ಕಾಲು ಭಾಗ ಮಾತ್ರ. ಕೆರೆದು ಗ್ಯಾಸ್ಕೆಟ್ ಹಾಕಿದೆ. ಹೋಸ್ ಜೋತದ್ದನ್ನೂ ಎತ್ತಿ ಕಟ್ಟಿದೆ. ಒಂದೇ ಸಲ ಗುಡ್ಡೆ ಹತ್ತಿಸಿ ನೋಡಿದೆ. ಹೊಗೆ ಸ್ವಲ್ಪ ಕಮ್ಮಿ, ಆದರೆ ಉಂಟು. ಬಯಲಿನಲ್ಲಿ ಮೊದಲಿನ ಹಾಗೇ ಏನೂ ಇಲ್ಲ. ಇದೇ ನನಗೆ ಅರ್ಥವಾಗದ್ದು. ಗುಡ್ಡೆಯಲ್ಲಿ ಲೋಡ್ ಜಾಸ್ತಿ ಅಂತಲಾ?

ಮುಳ್ಳೇರಿಯ_ಫೋರ್‌ವೀಲ್ (ಕಾಸರಗೋಡು)

ಎಲ್ಲರೂ ಪೈಪಿನ ಮೇಲ್ತುದಿಯನ್ನೇ ನೋಡುತ್ತಿದ್ದೀರಿ. ಕೆಳತುದಿ ಎಲ್ಲಿ ಉಂಟು ಅಂತ ಅವರು ಮೊದಲ ಪೋಸ್ಟಿನಲ್ಲೇ ಹೇಳಿದ್ದಾರೆ: ಚೇಂಬರಿನ ಹಿಂಭಾಗ.

ರಿಟರ್ನ್ ಪೈಪ್ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ಆ ಮಟ್ಟವನ್ನು ನಾವು ನೋಡುವುದು ಸಮತಟ್ಟು ನೆಲದಲ್ಲಿ, ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಕಡ್ಡಿಯಲ್ಲಿ. ಗುಡ್ಡೆ ಹತ್ತುವಾಗ ಮೂತಿ ಮೇಲೆ, ಬಾಲ ಕೆಳಗೆ. ಆಯಿಲೆಲ್ಲಾ ಹಿಂದಕ್ಕೆ. ನಿಮ್ಮ ತೂತು ಮುಳುಗುತ್ತದೆ. ಇನ್ನು ಟರ್ಬೋ ಸೋರಲಿಕ್ಕೆ ಲೋಡ್ ಬೇಕೂಂತ ಇಲ್ಲ.

ನಂಬಿಕೆ ಇಲ್ಲದಿದ್ದರೆ ಹೀಗೆ ಮಾಡಿ. ಜೀಪನ್ನು ಅದೇ ದಾರಿಯಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಸಾಲದು, ನಾಲ್ಕೂ ಚಕ್ರಕ್ಕೆ ಕಲ್ಲು ಕೊಡಿ. ಕಾಲು ಗಂಟೆ ಐಡಲ್ ಓಡಲಿ. ಆಮೇಲೆ ತಿರುಗಿಸಿ ಮೂತಿ ಕೆಳಗೆ ಮಾಡಿ, ಅಷ್ಟೇ ಹೊತ್ತು. ಲೋಡ್ ಎರಡು ಸಲವೂ ಸೊನ್ನೆ. ಹೊಗೆ ಯಾವುದರಲ್ಲಿ ಬಂತು ಹೇಳಿ. ಸೈಲೆನ್ಸರಿನಲ್ಲಿ ಹಳೆ ಆಯಿಲ್ ಇರುತ್ತದೆ, ಅದು ಉರಿದು ಮುಗಿಯುವ ತನಕ ತಾಳ್ಮೆ ಇರಲಿ.

ಮೂತಿ ಮೇಲೆ ಇರುವಾಗ ಹೊಗೆ ಬಂದರೆ ಎಂಜಿನ್ ನಿಲ್ಲಿಸಿ, ರಿಟರ್ನ್ ಹೋಸನ್ನು ಚೇಂಬರಿನಿಂದ ಬಿಡಿಸಿ. ಚೇಂಬರಿನ ತೂತಿಗೆ ಬಿರಡೆ ಹಾಕಿ, ಹೋಸಿನ ತುದಿಯನ್ನು ಒಂದು ಸ್ಟೀಲ್ ಕ್ಯಾನಿನೊಳಗೆ ಬಿಟ್ಟು ಮತ್ತೆ ಐಡಲ್ ಓಡಿಸಿ. ಹೊಗೆ ಇಳಿದರೆ ಟರ್ಬೋ ನಿರಪರಾಧಿ. ಕ್ಯಾನ್ ತುಂಬುವುದು ನೀವು ಅಂದುಕೊಂಡದ್ದಕ್ಕಿಂತ ಬೇಗ, ಕಣ್ಣು ಅಲ್ಲೇ ಇರಲಿ. ಆಗಾಗ ನಿಲ್ಲಿಸಿ ಆಯಿಲ್ ವಾಪಸ್ ಸುರಿಯಿರಿ.

ಬಾಯಾರು_ಜೀಪು

ಮುಳ್ಳೇರಿಯದವರೇ, ನಿಮಗೆ ಒಂದು ಊಟ ಬಾಕಿ.

ಮೂತಿ ಮೇಲೆ: ಏಳನೇ ನಿಮಿಷಕ್ಕೆ ನೀಲಿ ಹೊಗೆ. ಮೂತಿ ಕೆಳಗೆ: ಮೊದಲು ಹಳೆ ಹೊಗೆ, ಆಮೇಲೆ ನಿಂತಿತು. ಮತ್ತೆ ಮೂತಿ ಮೇಲೆ ಮಾಡಿ ಹೋಸನ್ನು ಹಾಲಿನ ಕ್ಯಾನಿಗೆ ಬಿಟ್ಟೆ. ಹತ್ತು ನಿಮಿಷದಲ್ಲಿ ಸೈಲೆನ್ಸರ್ ಶುದ್ಧ. ಆ ಕ್ಯಾನ್ ಇನ್ನು ಹಾಲಿಗೆ ಆಗುವುದಿಲ್ಲ ಎನ್ನುವ ಬಗ್ಗೆ ಮನೆಯಲ್ಲಿ ಬೇರೆಯೇ ಚರ್ಚೆ ನಡೆಯಿತು, ಅದು ಇಲ್ಲಿಗೆ ಬೇಡ.

ಒಂಬತ್ತು ಸಾವಿರದ ಕೋರ್‌ಗೆ ಏನೂ ಆಗಿರಲಿಲ್ಲ. ಬಹುಶಃ ಮೊದಲಿನದಕ್ಕೂ ಏನೂ ಆಗಿರಲಿಲ್ಲ.

ಲೆಕ್ಕವೂ ಹಾಕಿದೆ. ಮೊಬೈಲಿನಲ್ಲಿ ದಾರಿಯ ಇಳಿಜಾರು ನೋಡಿದೆ, ಕಡಿದಾದ ಕಡೆ 17 ಡಿಗ್ರಿ. ಚೇಂಬರಿನ ನಡುವಿನಿಂದ ನನ್ನ ತೂತು 20 ಸೆಂ.ಮೀ. ಹಿಂದೆ ಉಂಟು. 17 ಡಿಗ್ರಿಗೆ 20 ಸೆಂ.ಮೀ.ನಲ್ಲಿ ಆಯಿಲ್ ಸುಮಾರು 6 ಸೆಂ.ಮೀ. ಏರುತ್ತದೆ. ತೂತು ಇರುವುದು ಡಿಪ್‌ಸ್ಟಿಕ್‌ನ ಫುಲ್ ಗೆರೆಗಿಂತ 3 ಸೆಂ.ಮೀ. ಮೇಲೆ. ಅಂದರೆ ಹತ್ತುವಾಗ 3 ಸೆಂ.ಮೀ. ಮುಳುಗಿರುತ್ತದೆ. ಚೇಂಬರ್ ಪೂರ್ತಿ ಡಬ್ಬಿಯ ಆಕಾರ ಅಲ್ಲ, ಹಾಗಾಗಿ ಅಂದಾಜು ಲೆಕ್ಕ. ಆದರೂ ವಿಷಯ ಸ್ಪಷ್ಟ ಅಲ್ವಾ?

ಹೊಸೂರು_ಲೇತ್

ಒಪ್ಪಿದೆ ಗುರು. ಹೊಸೂರಿನ ಚಪ್ಪಟೆ ರೋಡಲ್ಲಿ ಕೂತು ನನಗೆ ಇದು ಹೊಳೆಯಲೇ ಇಲ್ಲ.

ಫುಲ್ ಗೆರೆ ಎಲ್ಲಿದೆ ಅಂತ ಹೊರಗಿಂದ ಹೇಗೆ ಗುರುತು ಮಾಡಿದಿರಿ?

ಬಾಯಾರು_ಜೀಪು

ಮನೆ ಕಟ್ಟುವ ಮೇಸ್ತ್ರಿಗಳ ಲೆವಲ್ ಪೈಪ್! ಡ್ರೈನ್ ಬೋಲ್ಟಿನ ಥ್ರೆಡ್‌ಗೆ ಹೊಂದುವ ನಿಪ್ಪಲ್ ಒಂದನ್ನು ಉಪ್ಪಳದಲ್ಲಿ ಕಡೆಸಿದೆ. ಅದಕ್ಕೆ ಪಾರದರ್ಶಕ ಪೈಪ್ ಸಿಕ್ಕಿಸಿ ಚೇಂಬರಿನ ಪಕ್ಕ ಮೇಲಕ್ಕೆ ಹಿಡಿದೆ. ಒಳಗೆ ಆಯಿಲ್ ಎಷ್ಟಿದೆಯೋ ಪೈಪಿನಲ್ಲೂ ಅಷ್ಟೇ ನಿಲ್ಲುತ್ತದೆ. ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ನಾನು ಮೊದಲು ತೂತು ಕೊರೆಯುವಾಗ ಕಣ್ಣಂದಾಜಿನಲ್ಲಿ ಕೊರೆದವನು, ಈಗ ಬುದ್ಧಿ ಬಂತು.

ಕುಂಬಳೆ_ಸ್ವಿಫ್ಟ್

ಹಾಗಾದರೆ ತೂತನ್ನು ಮುಂದಕ್ಕೆ ತಂದರೆ ಮುಗಿಯಿತಲ್ಲ.

ಮುಳ್ಳೇರಿಯ_ಫೋರ್‌ವೀಲ್

ಮುಂದಕ್ಕೆ ತಂದರೆ ಹತ್ತುವಾಗ ಒಳ್ಳೇದು, ಇಳಿಯುವಾಗ ಅದೇ ಕತೆ ತಿರುಗಿ ಬರುತ್ತದೆ. ಅಡಿಕೆ ಹೇರಿಕೊಂಡು ಇಳಿಯಲಿಕ್ಕೂ ಉಂಟಲ್ಲ ಅವರಿಗೆ. ನಡುಮಧ್ಯ, ಆದಷ್ಟು ಮೇಲೆ. ತಕ್ಕಡಿಯ ನಡುಗಂಬ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಬ್ಲಾಕಿನ ಬದಿಯಲ್ಲಿ ಕಂಪನಿಯವರು ಖಾಲಿ ಬಿಟ್ಟ ಚಪ್ಪಟೆ ಜಾಗ ಏನಾದರೂ ಉಂಟಾ ನೋಡಿ. ಹಳೆ ಪೆಟ್ರೋಲ್ ಎಂಜಿನ್‌ಗಳಲ್ಲಿ ಬ್ಲಾಕಿನ ಬದಿಗೆ ಪೆಟ್ರೋಲ್ ಪಂಪ್ ಇರುತ್ತಿತ್ತು. ಎಲೆಕ್ಟ್ರಿಕ್ ಪಂಪ್ ಹಾಕಿದ ಮೇಲೆ ಆ ತೂತು ಸುಮ್ನೆ ಮುಚ್ಚಿರುತ್ತದೆ, ರಿಟರ್ನ್‌ಗೆ ಹೇಳಿ ಮಾಡಿಸಿದ ಜಾಗ. ಚೇಂಬರಿಗೆ ಕೈ ಹಾಕುವ ಕೆಲಸವೇ ಇಲ್ಲ. ನಿಮ್ಮದು ಡೀಸೆಲ್, ಆ ಭಾಗ್ಯ ಇಲ್ಲ.

ಹೊಸೂರು_ಲೇತ್

ನಡುವಲ್ಲಿ ಮೇಲೆ ಅಂದರೆ ಒಂದು ತೊಂದರೆ ಇದೆ. ಅಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಹತ್ತಿರ. ಅದು ಸುತ್ತುತ್ತಾ ಆಯಿಲ್ ಎರಚುತ್ತಿರುತ್ತದೆ. ಆ ಎರಚಲು ಸೀದಾ ರಿಟರ್ನ್ ಬಾಯಿಗೆ ಬಡಿದರೆ ಮೇಲಿಂದ ಬರೋ ನೊರೆ ಇಳಿಯೋಕಾಗಲ್ಲ. ತೂತಿನ ಒಳಬದಿಗೆ ತಗಡಿನ ಮರೆ ಬೇಕು. ಮೇಲೆ ಮತ್ತು ಎರಡು ಬದಿ ಮುಚ್ಚಿರಬೇಕು, ಕೆಳಗೆ ತೆರೆದಿರಬೇಕು.

ಬಾಯಾರು_ಜೀಪು

ಅಂದರೆ ಮುಟ್ಟಾಳೆ ಹಾಕಬೇಕು.

ಹೊಸೂರು_ಲೇತ್

ಅದೇನು ಸಾರ್?

ಮುಳ್ಳೇರಿಯ_ಫೋರ್‌ವೀಲ್

ಅಡಿಕೆ ಹಾಳೆಯ ಟೊಪ್ಪಿ. ನಮ್ಮಲ್ಲಿ ತೋಟದ ಕೆಲಸಕ್ಕೆ ತಲೆಗೆ ಇಡುತ್ತಾರೆ. ಕ್ರ್ಯಾಂಕಿನ ಮಳೆಗೆ ಅದೇ ಸರಿ 😄

ಮತ್ತೆ ಆ ಮುಟ್ಟಾಳೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗೆ ತಾಗಬಾರದು. ಒಳಬದಿಗೆ ಗೋಧಿ ಹಿಟ್ಟಿನ ಉಂಡೆ ಮೆತ್ತಿ, ಚೇಂಬರ್ ಕಟ್ಟಿ, ಎಂಜಿನ್ನನ್ನು ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ. ಬಿಚ್ಚಿ ನೋಡಿದರೆ ಎಲ್ಲಿ ತಾಗಿತು, ಎಷ್ಟು ಸಂದು ಉಳಿಯಿತು ಎಲ್ಲಾ ಹಿಟ್ಟಿನಲ್ಲಿ ಕಾಣುತ್ತದೆ. ಹಿಟ್ಟು ತೆಗೆಯಲು ಮರೆಯಬೇಡಿ, ಒಂದು ಚೂರು ಆಯಿಲ್ ಸೋಸುವ ಸ್ಟ್ರೈನರಿಗೆ ಹೋದರೆ ಇನ್ನೊಂದು ಚರ್ಚೆ ಶುರು ಮಾಡಬೇಕಾದೀತು.

ಅಕ್ಕಲಕೋಟ_ಟ್ರ್ಯಾಕ್ಟರ್

ಚೇಂಬರ್ ಹೆಂಗೂ ಬಿಚ್ಚುತ್ತೀರಿ, ಬ್ರೀದರ್ (ಚೇಂಬರಿನ ಗಾಳಿ ಹೊರಗೆ ಬಿಡೋ ದಾರಿ) ಸ್ವಚ್ಛ ಮಾಡಿಬಿಡ್ರಿ. ಗುಜರಿ ಎಂಜಿನ್ ಅಂದ್ರಲ್ಲ, ರಿಂಗ್ ಸವೆದಿದ್ದರೆ ಪಿಸ್ಟನ್ ದಾಟಿ ಬಂದ ಗಾಳಿ ಚೇಂಬರಿನಲ್ಲಿ ತುಂಬುತ್ತದೆ. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ರಿಟರ್ನ್ ಪೈಪಿನಲ್ಲಿ ಮೇಲಕ್ಕೆ ತಳ್ಳುತ್ತದೆ. ಬಾಯಿ ಸಣ್ಣ ಇರುವ ಬಾಟಲಿ ಬೋರಲು ಹಾಕಿದಾಗ ಗುಳುಗುಳು ಅಂತದಲ್ಲ, ಹಂಗ. ಗಾಳಿ ಮೇಲೆ ಬರುವಾಗ ಆಯಿಲ್ ಕೆಳಗೆ ಇಳಿಯೂದಿಲ್ಲ.

ಬಾಯಾರು_ಜೀಪು

ಹನ್ನೆರಡು ದಿನ ಆಯಿತು, ಕೆಲಸ ಮುಗಿಯಿತು. ಬೇಕಾದವರಿಗೆ ಉಪಯೋಗ ಆಗಲಿ ಅಂತ ವಿವರ ಬರೆಯುತ್ತೇನೆ.

ಚೇಂಬರ್ ಬಿಚ್ಚಿ ಹಳೆ ತೂತಿಗೆ ತಗಡು ಇಟ್ಟು ಬ್ರೇಜಿಂಗ್ ಮಾಡಿಸಿದೆ. ನನ್ನದು ಕಬ್ಬಿಣದ ತಗಡಿನ ಚೇಂಬರ್, ಹಾಗಾಗಿ ಸುಲಭ. ಎರಕದ ಅಲ್ಯೂಮಿನಿಯಂ ಆಗಿದ್ದರೆ ಆರ್ಗಾನ್ ವೆಲ್ಡಿಂಗ್ ಬೇಕಿತ್ತು. ಅದರಲ್ಲೂ ವರ್ಷಗಟ್ಟಲೆ ಆಯಿಲ್ ಕುಡಿದ ಅಲ್ಯೂಮಿನಿಯಂ ವೆಲ್ಡ್ ಮಾಡುವಾಗ ಗುಳ್ಳೆ ಬರುತ್ತದಂತೆ. ಹೊಸ ಬಾಯಿ ಸರಿ ನಡುವಿನಲ್ಲಿ, ಫುಲ್ ಗೆರೆಗಿಂತ 7 ಸೆಂ.ಮೀ. ಮೇಲೆ. 19 ಎಂಎಂ ಒಳವ್ಯಾಸದ ನಿಪ್ಪಲ್ ಬ್ರೇಜ್ ಮಾಡಿಸಿ, ಒಳಗೆ ಮುಟ್ಟಾಳೆ ಕೂರಿಸಿದೆ. ಹಿಟ್ಟಿನ ಪರೀಕ್ಷೆಯಲ್ಲಿ ಮೊದಲ ಸಲ ರಾಡ್ ಬೋಲ್ಟ್ ತಾಗಿದ ಗುರುತು ಬಿತ್ತು! ಟೊಪ್ಪಿಯ ಅಂಚನ್ನು 4 ಎಂಎಂ ಕತ್ತರಿಸಿ ಮತ್ತೆ ನೋಡಿದೆ. ಆ ಹಿಟ್ಟು ಇಲ್ಲದಿದ್ದರೆ ನನ್ನ ಎಂಜಿನ್ ಕತೆ ಆ ದಿನವೇ ಮುಗಿಯುತ್ತಿತ್ತು.

ಸೋರುತ್ತದಾ ಅಂತ ನೋಡಲು ಹಳೆ ಉಪಾಯ. ಬ್ರೇಜಿಂಗಿನ ಹೊರಗೆ ಸೀಮೆಸುಣ್ಣ ಬಳಿದು ಒಳಗೆ ಸೀಮೆಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಸುಣ್ಣದ ಮೇಲೆ ಒಂದು ಕಡೆ ಒದ್ದೆ ಚುಕ್ಕಿ. ಮತ್ತೆ ಬ್ರೇಜ್, ಮತ್ತೆ ಸುಣ್ಣ. ಎರಡನೇ ಸಲ ಒಣಗಿತ್ತು.

ಪೈಪ್: ಟರ್ಬೋ ಅಡಿಯಿಂದ ಮೊದಲ 12 ಸೆಂ.ಮೀ. ಕಬ್ಬಿಣದ್ದು, ಆಮೇಲೆ ಆಯಿಲ್ ಹೋಸ್. ಎಂಜಿನ್ ಅಲ್ಲಾಡುವಾಗ ಪೂರ್ತಿ ಕಬ್ಬಿಣ ಆದರೆ ಬಿರುಕು ಬಿಡುತ್ತದೆ, ಪೂರ್ತಿ ಹೋಸ್ ಆದರೆ ಬೇಯುತ್ತದೆ. ಸೈಲೆನ್ಸರ್ ಕಡೆಗೆ ತಗಡಿನ ಮರೆ ಕೊಟ್ಟಿದ್ದೇನೆ. ಮೇಲಿಂದ ಕೆಳಗಿನವರೆಗೆ ಎಲ್ಲೂ ಏರು ಇಲ್ಲ. 17 ಡಿಗ್ರಿ ಮೂತಿ ಎತ್ತಿದಾಗಲೂ ಯಾವ ತುಂಡೂ ಸಮತಟ್ಟಾಗದ ಹಾಗೆ ನೋಡಿಕೊಂಡೆ. ಇದು ಬಯಲಿನಲ್ಲಿ ನೋಡಿದರೆ ಗೊತ್ತಾಗುವುದಿಲ್ಲ, ಜೀಪನ್ನೇ ಗುಡ್ಡೆಯಲ್ಲಿ ನಿಲ್ಲಿಸಿ ಪೈಪ್ ಬಗ್ಗಿಸಬೇಕಾಯಿತು.

ಇನ್ನು ಬ್ರೀದರ್. ಅಕ್ಕಲಕೋಟದವರು ಹೇಳದಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಒಳಗಿನ ತಂತಿ ಜಾಲರಿ ಪೂರ್ತಿ ಮೇಣದ ಹಾಗೆ ಕಟ್ಟಿಕೊಂಡಿತ್ತು. ತೊಳೆಯುವ ಮೊದಲು ಅದೇ ಲೆವಲ್ ಪೈಪನ್ನು ಯು ಆಕಾರ ಮಾಡಿ ಅರ್ಧ ನೀರು ತುಂಬಿ, ಒಂದು ತುದಿಯನ್ನು ಡಿಪ್‌ಸ್ಟಿಕ್ ಕೊಳವೆಗೆ ಸಿಕ್ಕಿಸಿ ಎಂಜಿನ್ ರೇಸ್ ಮಾಡಿದ್ದೆ. ಎರಡು ಬದಿಯ ನೀರಿಗೆ 11 ಸೆಂ.ಮೀ. ವ್ಯತ್ಯಾಸ. ತೊಳೆದ ಮೇಲೆ 2 ಸೆಂ.ಮೀ. ಅಂದರೆ 11 ಸೆಂ.ಮೀ. ನೀರಿನಷ್ಟು ಒತ್ತಡ ರಿಟರ್ನ್ ಪೈಪಿನ ಬಾಯಿಗೆ ಎದುರು ನಿಂತಿತ್ತು. ಗುಡ್ಡೆಯಲ್ಲಿ ತೂತು ಮುಳುಗಿದ್ದು ಮುಖ್ಯ ಕಾರಣ, ಇದು ಅದಕ್ಕೆ ಉಪ್ಪು ಖಾರ.

ಮಡಕಶಿರಾ_ಡೀಸೆಲ್

ಹೊಗೆ ಏನಾಯ್ತು ಅಣ್ಣ? ಅದನ್ನು ಬಿಟ್ಟು ಎಲ್ಲಾ ಹೇಳಿದಿರಿ!

ಬಾಯಾರು_ಜೀಪು

ಓಹ್! ಹೊಗೆ ಇಲ್ಲ. ಹತ್ತು ಮೂಟೆ ಗೊಬ್ಬರ ಹೇರಿ ನಾಲ್ಕು ಸಲ ಹತ್ತಿಸಿದೆ. ಇನ್‌ಟೇಕ್ ಪೈಪ್ ಬಿಚ್ಚಿ ಒಳಗಿದ್ದ ಹಳೆ ಆಯಿಲ್ ಕೂಡ ಒರೆಸಿದ್ದೆ, ನೀವು ಹೇಳಿದ ಕತೆ ತಲೆಯಲ್ಲಿತ್ತು.

ಮುಳ್ಳೇರಿಯ_ಫೋರ್‌ವೀಲ್

ಒಳ್ಳೇದಾಯಿತು. ಆಯಿಲನ್ನು ಫುಲ್ ಗೆರೆಗಿಂತ ಮೇಲೆ ತುಂಬಬೇಡಿ. "ಟರ್ಬೋ ಉಂಟಲ್ಲ, ಅರ್ಧ ಲೀಟರ್ ಜಾಸ್ತಿ ಇರಲಿ" ಅಂತ ಸುರಿಯುವವರು ಇದ್ದಾರೆ. ಮತ್ತೆ ಮೇಲೆ ತಲುಪಿದ ಕೂಡಲೇ ಚಾವಿ ತೆಗೆಯಬೇಡಿ, ಒಂದೆರಡು ನಿಮಿಷ ಐಡಲ್ ಬಿಡಿ. ಕಾದ ಟರ್ಬೋದಲ್ಲಿ ಆಯಿಲ್ ನಿಂತರೆ ಅಲ್ಲೇ ಸುಟ್ಟು ಕರಿ ಕಟ್ಟುತ್ತದೆ.

ಕುಂಬಳೆ_ಸ್ವಿಫ್ಟ್

ಎಲ್ಲಾ ಸರಿ, ಇದನ್ನು ರಸ್ತೆಗೆ ತರುತ್ತೀರಾ? ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಉಂಟು, ನಮ್ಮ ಕೇರಳದಲ್ಲಿ ಬದಲಾವಣೆ ಮಾಡಿದ ಗಾಡಿಗಳನ್ನು ಬಿಡುವುದಿಲ್ಲ.

ಬಾಯಾರು_ಜೀಪು

ಮೊದಲ ಪೋಸ್ಟಿನಲ್ಲಿ ಉಪ್ಪಳಕ್ಕೆ ಹೋಗಿದ್ದೆ ಅಂತ ನಾನೇ ಬರೆದು ಸಿಕ್ಕಿಬಿದ್ದೆ ನೋಡಿ. ತಪ್ಪೇ ಅದು. ಈಗ ಗಾಡಿ ಗೇಟು ದಾಟುವುದಿಲ್ಲ, ತೋಟದೊಳಗೇ.

ಹೊಸೂರು_ಲೇತ್

ರಿಟರ್ನ್ ಫ್ಲೇಂಜ್ ಚೆಂದ ಇದೆ. ಬೋಲ್ಟ್ ತೂತುಗಳ ನಡುವೆ ಎಷ್ಟು? ನನ್ನ ಹತ್ತಿರ ಇದೇ ಥರ ಒಬ್ಬರು ಕೇಳುತ್ತಿದ್ದಾರೆ, ಅವರದ್ದೂ ಬೆಟ್ಟದ ಊರಂತೆ.

ಬಾಯಾರು_ಜೀಪು

ನಡುವಿನಿಂದ ನಡುವಿಗೆ 38 ಎಂಎಂ, ಎಂ8 ಬೋಲ್ಟ್. ಆದರೆ ಟರ್ಬೋ ಬೇರೆ ಆದರೆ ಅಳತೆಯೂ ಬೇರೆ, ಕ್ಯಾಲಿಪರ್ ಹಿಡಿದು ನೋಡಲು ಹೇಳಿ. ಮತ್ತೆ ಅವರ ದಾರಿ ಎಷ್ಟು ಡಿಗ್ರಿ ಅಂತ ಮೊದಲು ಕೇಳಿ.